ಟಿಕೆಟ್ ಯಾರ ಕೈಯಲ್ಲಿದೆ? ಬೇರೆ ಬೇರೆ ದೇಶಗಳ ಆನ್‌ಲೈನ್ ಲಾಟರಿಗಳ ಹೋಲಿಕೆ

ಆನ್‌ಲೈನ್ ಲಾಟರಿ ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥಗಳಿವೆ. ಈ ಶತಮಾನದ ಆರಂಭದಲ್ಲಿ ಕರ್ನಾಟಕದ ಪೇಟೆಗಳಲ್ಲಿ ಕಾಣಿಸಿಕೊಂಡ ಆನ್‌ಲೈನ್ ಲಾಟರಿ ಎಂದರೆ ಅಂಗಡಿಯೊಳಗಿನ ಒಂದು ಯಂತ್ರ. ಗಿರಾಕಿ ಹೇಳಿದ ಸಂಖ್ಯೆಯನ್ನು ಅದು ದೂರದ ಕೇಂದ್ರ ಕಂಪ್ಯೂಟರಿನಲ್ಲಿ ದಾಖಲಿಸಿ ಚೀಟಿ ಮುದ್ರಿಸಿ ಕೊಡುತ್ತಿತ್ತು. ಕೇಂದ್ರ ಸರ್ಕಾರದ 2010ರ ಲಾಟರಿ ನಿಯಮಗಳು ಆನ್‌ಲೈನ್ ಲಾಟರಿ ಎಂದು ಹೆಸರಿಸುವುದೂ ಈ ಯಂತ್ರದ ವ್ಯವಸ್ಥೆಯನ್ನೇ. ಮನೆಯಲ್ಲಿ ಕುಳಿತು ಫೋನಿನಿಂದ ಹಣ ಕಟ್ಟಿ ಟಿಕೆಟ್ ಪಡೆಯುವುದು ಎರಡನೆಯ ಅರ್ಥ, ಮತ್ತು ಬ್ರಿಟನ್, ಸಿಂಗಪುರ, ದುಬೈಗಳಲ್ಲಿರುವ ಕನ್ನಡಿಗರು ಆ ಮಾತನ್ನು ಬಳಸುವುದು ಈ ಅರ್ಥದಲ್ಲಿ. ಈ ಲೇಖನದ ಹೋಲಿಕೆಯೂ ಮುಖ್ಯವಾಗಿ ಎರಡನೆಯದನ್ನು ಕುರಿತದ್ದು. ಆದರೆ ನೀವು ನಿಂತಿರುವ ನೆಲ ಯಾವುದು ಎಂಬುದರ ಮೇಲೆ ನಿಮಗೆ ಉಳಿಯುವ ಆಯ್ಕೆಗಳು ಬದಲಾಗುತ್ತವೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಲಾಟರಿಗಳನ್ನು ಹೋಲಿಸುವವರು ಸಾಮಾನ್ಯವಾಗಿ ಮೊದಲ ಬಹುಮಾನದ ಮೊತ್ತವನ್ನು ಅಕ್ಕಪಕ್ಕ ಇಟ್ಟು ನೋಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಕೊನೆಗೆ ನೋಡಬೇಕಾದ ಅಂಕಿ. ಟಿಕೆಟ್ ಯಾರ ಕೈಯಲ್ಲಿದೆ, ಗೆದ್ದರೆ ಹಣ ಕೊಡುವ ಹೊಣೆ ಕಾನೂನಿನ ಪ್ರಕಾರ ಯಾರದು ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗದ ಕಡೆ ಬಹುಮಾನ ಹತ್ತು ಕೋಟಿಯಾದರೇನು, ಸಾವಿರ ಕೋಟಿಯಾದರೇನು.

ಮಾರಾಟದ ಮೂರು ಬಗೆಗಳು

ಅಂತರಜಾಲದಲ್ಲಿ ಲಾಟರಿ ಮಾರುವ ತಾಣಗಳೆಲ್ಲ ಮೇಲುನೋಟಕ್ಕೆ ಒಂದೇ ರೀತಿ ಕಂಡರೂ ಒಳಗಿನ ಏರ್ಪಾಡು ಮೂರು ಬಗೆಯದಾಗಿರುತ್ತದೆ. ಮೊದಲನೆಯದರಲ್ಲಿ ಲಾಟರಿ ನಡೆಸುವ ಸಂಸ್ಥೆಯೇ ನೇರವಾಗಿ ಮಾರುತ್ತದೆ. ನಿಮ್ಮ ಖಾತೆ ಅದರ ಬಳಿಯೇ ಇರುತ್ತದೆ, ಟಿಕೆಟ್ ನಿಮ್ಮ ಹೆಸರಿನಲ್ಲೇ ದಾಖಲಾಗುತ್ತದೆ, ಕಳೆದುಹೋಗುವ ಪ್ರಶ್ನೆ ಇಲ್ಲ. ಎರಡನೆಯದರಲ್ಲಿ ಮಧ್ಯವರ್ತಿಯೊಬ್ಬ ನಿಮ್ಮ ಪರವಾಗಿ ಅಂಗಡಿಗೆ ಹೋಗಿ ಕಾಗದದ ಟಿಕೆಟ್ ಕೊಂಡು, ಅದರ ಚಿತ್ರವನ್ನು ನಿಮಗೆ ಕಳಿಸಿ, ಮೂಲ ಪ್ರತಿಯನ್ನು ತನ್ನ ಬಳಿಯೇ ಇಟ್ಟುಕೊಳ್ಳುತ್ತಾನೆ. ಮೂರನೆಯದರಲ್ಲಿ ಟಿಕೆಟ್ಟೇ ಇರುವುದಿಲ್ಲ: ಇನ್ನಾವುದೋ ದೇಶದ ಲಾಟರಿಯಲ್ಲಿ ಯಾವ ಸಂಖ್ಯೆ ಬರುತ್ತದೆ ಎಂಬುದರ ಮೇಲೆ ನೀವು ಆ ಕಂಪನಿಯೊಂದಿಗೆ ಬಾಜಿ ಕಟ್ಟುತ್ತೀರಿ, ಗೆದ್ದರೆ ಹಣ ಕೊಡಬೇಕಾದದ್ದು ಆ ಕಂಪನಿ, ಲಾಟರಿಯಲ್ಲ.

ಈ ಮೂರನೆಯ ಬಗೆಯನ್ನು ಆಸ್ಟ್ರೇಲಿಯಾ 2018ರಲ್ಲಿ ಕಾಯ್ದೆ ಮಾಡಿ, 2019ರ ಜನವರಿಯಿಂದ ನಿಷೇಧಿಸಿತು. ಎರಡನೆಯ ಬಗೆಗೆ ಅಮೆರಿಕದ ಟೆಕ್ಸಸ್ ಒಳ್ಳೆಯ ಪಾಠ. ಅಲ್ಲಿ 2023ರಲ್ಲಿ ಒಂದು ಗುಂಪು ಇಂಥ ಮಧ್ಯವರ್ತಿಗಳ ನಂಟಿನ ಅಂಗಡಿಗಳ ಮೂಲಕ, ಸಾಧ್ಯವಿರುವ ಸುಮಾರು 2.58 ಕೋಟಿ ಸಂಖ್ಯಾಜೋಡಣೆಗಳನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಕೊಂಡು 9.5 ಕೋಟಿ ಡಾಲರಿನ ಜಾಕ್‌ಪಾಟನ್ನು ತನ್ನದಾಗಿಸಿಕೊಂಡಿತು. 2025ರ ಫೆಬ್ರವರಿಯಲ್ಲಿ ಮಧ್ಯವರ್ತಿ ಆ್ಯಪ್ ಮೂಲಕ ಟಿಕೆಟ್ ಕೊಂಡಿದ್ದ ಒಬ್ಬರಿಗೆ 8.35 ಕೋಟಿ ಡಾಲರ್ ಬಂದಾಗ ತನಿಖೆಯ ಕಾರಣಕ್ಕೆ ಪಾವತಿಯನ್ನು ತಡೆಹಿಡಿಯಲಾಯಿತು, ವಿಷಯ ನ್ಯಾಯಾಲಯಕ್ಕೆ ಹೋಯಿತು. ಅದೇ ವರ್ಷ ಟೆಕ್ಸಸ್ ಮಧ್ಯವರ್ತಿ ಮಾರಾಟವನ್ನು ನಿಷೇಧಿಸಿದ್ದಲ್ಲದೆ ತನ್ನ ಲಾಟರಿ ಆಯೋಗವನ್ನೇ ರದ್ದುಮಾಡಿ ಕೆಲಸವನ್ನು ಬೇರೊಂದು ಇಲಾಖೆಗೆ ಒಪ್ಪಿಸಿತು. ಟಿಕೆಟ್ ಅಸಲಿಯಾಗಿದ್ದೂ, ಕೊಂಡವರ ತಪ್ಪಿಲ್ಲದೆಯೂ, ನಡುವೆ ಇನ್ನೊಂದು ಕೈ ಇದ್ದ ಮಾತ್ರಕ್ಕೆ ಹಣ ಸಿಕ್ಕಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಬೇಕಿಲ್ಲ.

ಕರ್ನಾಟಕದಲ್ಲಿ ಇರುವವರಿಗೆ

ಕರ್ನಾಟಕದಲ್ಲಿ 2007ರಲ್ಲಿ, ಎಚ್.ಡಿ. ಕುಮಾರಸ್ವಾಮಿ ಅವರು ಮುಖ್ಯಮಂತ್ರಿಯಾಗಿದ್ದಾಗ, ಲಾಟರಿಯನ್ನು ನಿಷೇಧಿಸಲಾಯಿತು. 1998ರ ಕೇಂದ್ರ ಕಾಯ್ದೆಯ ಪ್ರಕಾರ ರಾಜ್ಯ ಸರ್ಕಾರ ತಾನೇ ಲಾಟರಿ ನಡೆಸಬಹುದು, ಬೇಡವೆಂದರೆ ಹೊರರಾಜ್ಯಗಳ ಟಿಕೆಟ್ಟು ತನ್ನ ನೆಲದಲ್ಲಿ ಮಾರಾಟವಾಗದಂತೆ ತಡೆಯಲೂಬಹುದು. ಒಂದಂಕಿ ಲಾಟರಿ ಮಾತ್ರ ಯಾವ ರಾಜ್ಯಕ್ಕೂ ಸಲ್ಲದು. ಹಾಗಾಗಿ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕುಳಿತು ಯಾವ ರಾಜ್ಯದ ಲಾಟರಿಯನ್ನು ಫೋನಿನಲ್ಲಿ ಕೊಳ್ಳಲಿ ಎಂದು ಕೇಳುವವರಿಗೆ ಹೋಲಿಕೆಯ ಅಗತ್ಯವೇ ಬೀಳುವುದಿಲ್ಲ.

ವಿದೇಶಿ ಲಾಟರಿಗಳ ವಿಷಯದಲ್ಲಿ ಇನ್ನೂ ಗಟ್ಟಿಯಾದ ಗೋಡೆಯಿದೆ. ವಿದೇಶಿ ವಿನಿಮಯಕ್ಕೆ ಸಂಬಂಧಿಸಿದ 2000ದ ನಿಯಮಗಳ ಮೊದಲ ಅನುಸೂಚಿಯು ಲಾಟರಿ ಟಿಕೆಟ್ ಕೊಳ್ಳಲು ಹೊರದೇಶಕ್ಕೆ ಹಣ ಕಳಿಸುವುದನ್ನು ಸಾರಾಸಗಟಾಗಿ ನಿಷೇಧಿಸುತ್ತದೆ; ವ್ಯಕ್ತಿಗಳು ಹೊರದೇಶಕ್ಕೆ ಹಣ ಕಳಿಸಲು ಅವಕಾಶ ಕೊಡುವ ರಿಸರ್ವ್ ಬ್ಯಾಂಕಿನ ಉದಾರೀಕೃತ ಪಾವತಿ ಯೋಜನೆಯ ವಾರ್ಷಿಕ ಮಿತಿಯನ್ನೂ ಈ ಕೆಲಸಕ್ಕೆ ಬಳಸುವಂತಿಲ್ಲ. ಅಮೆರಿಕದ ಪವರ್‌ಬಾಲ್ ಟಿಕೆಟ್ಟನ್ನು ರೂಪಾಯಿಯಲ್ಲೇ ಕೊಳ್ಳಿ ಎಂದು ಕರೆಯುವ ತಾಣಗಳು ಈ ವಿಷಯವನ್ನು ಗ್ರಾಹಕರಿಗೆ ಹೇಳುವುದಿಲ್ಲ. ಅದರ ಮೇಲೆ, ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದವನ್ನೇ ಬದಿಗಿಟ್ಟು ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಯವರ ಅಂಕಿತ ಬಿತ್ತು. ಇವೆಲ್ಲದರ ನಡುವೆ ತಪ್ಪಿಸಿಕೊಂಡು ಟಿಕೆಟ್ ಕೊಂಡು ಗೆದ್ದರೂ, ಆ ಹಣ ಎಲ್ಲಿಂದ ಬಂತೆಂದು ಬ್ಯಾಂಕು ಕೇಳುವ ದಿನ ಉತ್ತರ ಕೊಡುವುದು ಕಷ್ಟ.

ಇನ್ನು ಕೆಬಿಸಿ ಹೆಸರಿನಲ್ಲಿ 25 ಲಕ್ಷ ರೂಪಾಯಿ ಗೆದ್ದಿದ್ದೀರಿ ಎಂದು ವಾಟ್ಸ್‌ಆ್ಯಪಿಗೆ ಬರುವ ಸಂದೇಶಗಳನ್ನು ಯಾವ ಹೋಲಿಕೆಯಲ್ಲೂ ಸೇರಿಸಬೇಕಿಲ್ಲ. ಕೊಳ್ಳದ ಟಿಕೆಟ್ಟಿಗೆ ಬಹುಮಾನ ಬರುವುದಿಲ್ಲ, ಗೆದ್ದ ಹಣ ಬಿಡಿಸಿಕೊಳ್ಳಲು ಮುಂಗಡ ಶುಲ್ಕ ಕೇಳುವುದು ವಂಚಕರು ಮಾತ್ರ.

ಕೇರಳ: ಕಾಗದವೇ ಪ್ರಮಾಣ

ಕಾಸರಗೋಡಿನ ಕನ್ನಡಿಗರಿಗೆ ಪರಿಸ್ಥಿತಿ ಬೇರೆ. ಕೇರಳ ಸರ್ಕಾರದ ಲಾಟರಿ ಇಲಾಖೆ 1967ರಲ್ಲಿ ಆರಂಭವಾಯಿತು. ಆ ವರ್ಷದ ನವೆಂಬರ್ 1ರಂದು ಒಂದು ರೂಪಾಯಿಯ ಮೊದಲ ಟಿಕೆಟ್ ಹೊರಬಂದು, 1968ರ ಜನವರಿ 26ರಂದು 50,000 ರೂಪಾಯಿ ಮೊದಲ ಬಹುಮಾನದ ಡ್ರಾ ನಡೆಯಿತು. ಇಂದು ತಿರುವೋಣಂ ಬಂಪರಿನ ಟಿಕೆಟ್ ಬೆಲೆ 500 ರೂಪಾಯಿ, ಮೊದಲ ಬಹುಮಾನ 25 ಕೋಟಿ. ಆದರೆ ಕೇರಳ ಲಾಟರಿಯನ್ನು ಆನ್‌ಲೈನಿನಲ್ಲಿ ಮಾರುವುದಿಲ್ಲ. ಆ ರಾಜ್ಯ 2005ರಲ್ಲಿಯೇ ಆನ್‌ಲೈನ್ ಲಾಟರಿಯನ್ನು ನಿಷೇಧಿಸಿ ಕಾಗದದ ಲಾಟರಿಯನ್ನು ಮಾತ್ರ ಉಳಿಸಿಕೊಂಡಿತು. ತನ್ನದನ್ನು ಮಾರುತ್ತ ಇತರರದನ್ನು ತಡೆಯುವುದು ಸರಿಯೇ ಎಂದು ವ್ಯಾಪಾರಿಗಳು ಹೂಡಿದ ಮೊಕದ್ದಮೆಯಲ್ಲಿ, ಇವೆರಡೂ ಬೇರೆ ಬೇರೆ ವರ್ಗಗಳು, ಒಂದನ್ನು ಬಿಟ್ಟು ಇನ್ನೊಂದನ್ನು ನಿಷೇಧಿಸಬಹುದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ತೀರ್ಪು ನೀಡಿತು. ಹೀಗಿರುವಾಗ ಕೇರಳ ಲಾಟರಿಯ ಹೆಸರಿನಲ್ಲಿ ಟಿಕೆಟ್ ಮಾರುವ ಯಾವ ಆ್ಯಪ್ ಬಂದರೂ, ಅದರ ಚಿಹ್ನೆ ಎಷ್ಟೇ ಸರ್ಕಾರಿಯಾಗಿ ಕಂಡರೂ, ಅದು ಇಲಾಖೆಯದಲ್ಲ.

ಗಡಿ ದಾಟಿ ಹೋಗಿ ಅಂಗಡಿಯಲ್ಲಿ ಟಿಕೆಟ್ ಕೊಂಡ ಹೊರರಾಜ್ಯದವರಿಗೂ ಬಹುಮಾನ ಸಲ್ಲುತ್ತದೆ; 2024ರ ತಿರುವೋಣಂ ಬಂಪರ್ ಬಂದದ್ದು ಕರ್ನಾಟಕದವರೊಬ್ಬರಿಗೆ. ಅದೇ ಟಿಕೆಟ್ಟುಗಳನ್ನು ಇಲ್ಲಿಗೆ ತಂದು ಮಾರುವುದು ಮಾತ್ರ ಅಪರಾಧ.

ಕೇರಳದ ಬಹುಮಾನದ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಬೇಕು. 25 ಕೋಟಿಯಲ್ಲಿ ಶೇ 10ರಷ್ಟು, ಅಂದರೆ 2.5 ಕೋಟಿ, ಟಿಕೆಟ್ ಮಾರಿದ ಏಜೆಂಟರ ಪಾಲು. ಉಳಿದ 22.5 ಕೋಟಿಯ ಮೇಲೆ ಶೇ 30ರ ಆದಾಯ ತೆರಿಗೆ 6.75 ಕೋಟಿ. ಇಲ್ಲಿಗೆ 15.75 ಕೋಟಿ ಉಳಿಯುತ್ತದೆ, ಸರ್‌ಚಾರ್ಜ್ ಮತ್ತು ಸೆಸ್ ಕಟ್ಟಿದ ಮೇಲೆ ಅದೂ ಇಳಿಯುತ್ತದೆ. ಭಾರತದಲ್ಲಿ ಲಾಟರಿಯ ಆದಾಯಕ್ಕೆ ಮೂಲ ವಿನಾಯಿತಿ ಮಿತಿಯ ಅನುಕೂಲವಿಲ್ಲ, ವರ್ಷವಿಡೀ ಕೊಂಡ ಟಿಕೆಟ್ಟುಗಳ ಖರ್ಚನ್ನು ಕಳೆಯುವಂತೆಯೂ ಇಲ್ಲ. ಇದಲ್ಲದೆ ಟಿಕೆಟ್ಟಿನ ಮೇಲೆ ಜಿಎಸ್‌ಟಿ ಇದೆ. ಶೇ 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 40 ಆಯಿತು. ಕೊಳ್ಳುವಾಗ ಒಮ್ಮೆ, ಗೆದ್ದಾಗ ಒಮ್ಮೆ, ಎರಡೂ ತುದಿಯಲ್ಲಿ ತೆರಿಗೆ ಬೀಳುವ ಈ ವ್ಯವಸ್ಥೆ ನಾನು ಹೋಲಿಸುತ್ತಿರುವವುಗಳಲ್ಲಿ ಆಟಗಾರನಿಗೆ ಅತ್ಯಂತ ದುಬಾರಿಯಾದವುಗಳಲ್ಲಿ ಒಂದು.

ಬ್ರಿಟನ್ ಮತ್ತು ಸಿಂಗಪುರ

ಬ್ರಿಟನ್ನಿನ ನ್ಯಾಷನಲ್ ಲಾಟರಿಯ ಮೊದಲ ಡ್ರಾ 1994ರ ನವೆಂಬರ್ 19ರಂದು ನಡೆಯಿತು. ಅಲ್ಲಿ ಸರ್ಕಾರ ತಾನೇ ಲಾಟರಿ ನಡೆಸುವುದಿಲ್ಲ. ಒಂದೇ ಕಂಪನಿಗೆ ವರ್ಷಗಳ ಅವಧಿಗೆ ಲೈಸೆನ್ಸ್ ಕೊಟ್ಟು, ಗ್ಯಾಂಬ್ಲಿಂಗ್ ಕಮಿಷನ್ ಎಂಬ ನಿಯಂತ್ರಣ ಸಂಸ್ಥೆಯ ಮೂಲಕ ಅದನ್ನು ಹತೋಟಿಯಲ್ಲಿಡುತ್ತದೆ. ಮೂರು ದಶಕ ಇದನ್ನು ನಡೆಸಿದ ಕ್ಯಾಮೆಲಾಟ್ ಕಂಪನಿಯಿಂದ 2024ರ ಫೆಬ್ರವರಿ 1ರಂದು ಆಲ್‌ವಿನ್ ಕಂಪನಿ ಹತ್ತು ವರ್ಷದ ಲೈಸೆನ್ಸಿನೊಂದಿಗೆ ಹೊಣೆ ವಹಿಸಿಕೊಂಡಿತು. ಅಂತರಜಾಲದಲ್ಲಿ ಕೊಳ್ಳಲು 18 ವರ್ಷ ತುಂಬಿರಬೇಕು, ಕೊಳ್ಳುವ ಹೊತ್ತಿನಲ್ಲಿ ನೀವು ಅಲ್ಲಿನ ನೆಲದ ಮೇಲೆಯೇ ಇರಬೇಕು. ಬಹುಮಾನಕ್ಕೆ ತೆರಿಗೆಯಿಲ್ಲ, ಸರ್ಕಾರ ತನ್ನ ಶೇ 12ರ ಸುಂಕವನ್ನು ಮಾರಾಟದ ಹಂತದಲ್ಲೇ ತೆಗೆದುಕೊಂಡಿರುತ್ತದೆ. ಕ್ರೀಡೆ, ಕಲೆ, ಪರಂಪರೆಯಂಥ ಕಾರ್ಯಗಳಿಗೆ ಹೋಗುವ ಪಾಲೂ ಬೇರೆ ಇರುವುದರಿಂದ, ಗೆದ್ದ ಹಣಕ್ಕೆ ತೆರಿಗೆಯಿಲ್ಲ ಎಂಬುದು ಉದಾರತೆಯಲ್ಲ, ಕತ್ತರಿ ಹಾಕುವ ಜಾಗ ಬೇರೆ, ಅಷ್ಟೆ.

ಸಿಂಗಪುರದಲ್ಲಿ 1968ರಲ್ಲಿ ಸ್ಥಾಪನೆಯಾದ ಸಿಂಗಪುರ್ ಪೂಲ್ಸ್ ಲಾಟರಿಯ ಏಕೈಕ ನಿರ್ವಾಹಕ ಸಂಸ್ಥೆ, ಅದರ ಒಡೆತನ ಶಾಸನಬದ್ಧವಾದ ಟೋಟ್ ಬೋರ್ಡಿನದು. ಫೋನ್, ಅಂತರಜಾಲಗಳ ಮೂಲಕ ಆಡುವ ಜೂಜನ್ನು 2014ರಲ್ಲಿ ಕಾಯ್ದೆಯಿಂದ ನಿಷೇಧಿಸಿದ ಸಿಂಗಪುರ, 2016ರಲ್ಲಿ ಇದೇ ಸಂಸ್ಥೆಗೆ ವಿನಾಯಿತಿ ನೀಡಿ ಆನ್‌ಲೈನ್ ಮಾರಾಟಕ್ಕೆ ಬಾಗಿಲು ತೆರೆಯಿತು. ಅಂಗಡಿಯಲ್ಲಿ 18 ವರ್ಷದವರು ಟಿಕೆಟ್ ಕೊಳ್ಳಬಹುದು, ಆನ್‌ಲೈನ್ ಖಾತೆಗೆ ಮಾತ್ರ 21 ತುಂಬಬೇಕು ಎಂಬ ಭೇದ ನನಗೆ ವಿವೇಕದ್ದಾಗಿ ತೋರುತ್ತದೆ, ಏಕೆಂದರೆ ಕೌಂಟರಿನ ಮುಂದೆ ನಿಂತು ಹಣ ಎಣಿಸುವವನಿಗೂ ರಾತ್ರಿ ಹಾಸಿಗೆಯಲ್ಲಿ ಮಲಗಿ ಫೋನ್ ಒತ್ತುವವನಿಗೂ ವ್ಯತ್ಯಾಸವಿದೆ. ಮನೆಯವರೊಬ್ಬರ ಜೂಜಿನ ಚಟದಿಂದ ನೊಂದ ಕುಟುಂಬವೇ ಅರ್ಜಿ ಹಾಕಿ ಅವರನ್ನು ಹೊರಗಿಡುವಂತೆ ಕೋರುವ ವ್ಯವಸ್ಥೆಯೂ ಅಲ್ಲಿದೆ. ಈ ಒಂದು ಅಂಶಕ್ಕಾಗಿಯೇ ಸಂಸಾರಸ್ಥರಿಗೆ ಸಿಂಗಪುರದ ವ್ಯವಸ್ಥೆಯನ್ನು ನಾನು ಬ್ರಿಟನ್ನಿನದಕ್ಕಿಂತ ಒಂದು ಮೆಟ್ಟಿಲು ಮೇಲಿಡುತ್ತೇನೆ. ಅಲ್ಲಿಯೂ ಬಹುಮಾನಕ್ಕೆ ತೆರಿಗೆಯಿಲ್ಲ.

ಆಟಗಾರನ ಕೈಕಟ್ಟುವುದರಲ್ಲಿ ಇನ್ನೂ ಮುಂದೆ ಹೋಗಿರುವುದು ನಾರ್ವೆ. ಸರ್ಕಾರಿ ಒಡೆತನದ ನೋರ್ಸ್ಕ್ ಟಿಪಿಂಗ್ ಸಂಸ್ಥೆ 2016ರಲ್ಲಿ ಒಬ್ಬ ವ್ಯಕ್ತಿ ತಿಂಗಳಿಗೆ 20,000 ಕ್ರೋನರಿಗಿಂತ ಹೆಚ್ಚು ಕಳೆದುಕೊಳ್ಳದಂತೆ ಮಿತಿ ಹಾಕಿತು. ಆದರೂ ಸರ್ಕಾರಿ ಕಂಪ್ಯೂಟರ್ ತಪ್ಪುವುದಿಲ್ಲ ಎಂದೇನೂ ಇಲ್ಲ. 2025ರ ಜೂನ್‌ನಲ್ಲಿ ಯೂರೋಪಿನ ಹಲವು ದೇಶಗಳ ಜಂಟಿ ಲಾಟರಿಯಾದ ಯೂರೋಜಾಕ್‌ಪಾಟ್‌ನ ಡ್ರಾ ಆದ ಮೇಲೆ, ಯೂರೋ ಸೆಂಟುಗಳ ಮೊತ್ತವನ್ನು ತಮ್ಮ ನಾಣ್ಯಕ್ಕೆ ಪರಿವರ್ತಿಸುವಾಗ ನೂರರಿಂದ ಭಾಗಿಸುವ ಬದಲು ನೂರರಿಂದ ಗುಣಿಸಿ, ಸಾವಿರಾರು ಜನರಿಗೆ ಭಾರೀ ಬಹುಮಾನ ಬಂದಿದೆಯೆಂದು ತಿಳಿಸಿಬಿಟ್ಟರು. ಸಂಸ್ಥೆಯ ಮುಖ್ಯಸ್ಥರು ರಾಜೀನಾಮೆ ಕೊಡಬೇಕಾಯಿತು.

ಕೊಲ್ಲಿಯಲ್ಲಿ, ಅಮೆರಿಕದಲ್ಲಿ

ಮಂಗಳೂರು, ಉಡುಪಿ, ಭಟ್ಕಳಗಳಿಂದ ಕೊಲ್ಲಿಗೆ ಹೋದವರು ಹೆಚ್ಚಾಗಿ ಕೇಳುವುದು ಯುಎಇ ಬಗ್ಗೆ. ಅಲ್ಲಿ 2023ರ ಸೆಪ್ಟೆಂಬರಿನಲ್ಲಿ ಒಕ್ಕೂಟ ಮಟ್ಟದ ನಿಯಂತ್ರಣ ಪ್ರಾಧಿಕಾರ ರಚನೆಯಾಗುವವರೆಗೆ ಬಹುಮಾನ ಯೋಜನೆಗಳು ಒಂದೊಂದು ಹೆಸರಿನಲ್ಲಿ ನಡೆಯುತ್ತಿದ್ದವು. ಪ್ರಾಧಿಕಾರ ಬಂದ ಮೇಲೆ, 2024ರ ಆರಂಭದಿಂದ, ಮಹ್ಜೂಜ್ ಮತ್ತು ಎಮಿರೇಟ್ಸ್ ಡ್ರಾ ಎಂಬ ಯೋಜನೆಗಳು ಅಲ್ಲಿ ನಿಂತವು. 2024ರ ಜುಲೈಯಲ್ಲಿ ಲೈಸೆನ್ಸ್ ಪಡೆದ ಯುಎಇ ಲಾಟರಿ ಡಿಸೆಂಬರ್ 14ರಂದು ಮೊದಲ ಡ್ರಾ ನಡೆಸಿತು. ಆರಂಭದಲ್ಲಿ ಟಿಕೆಟ್ 50 ದಿರ್ಹಂ, ಮೊದಲ ಬಹುಮಾನ 10 ಕೋಟಿ ದಿರ್ಹಂ ಇತ್ತು. 1992ರಿಂದ ಅಬುಧಾಬಿಯಲ್ಲಿ ನಡೆಯುತ್ತಿರುವ ಬಿಗ್ ಟಿಕೆಟ್ ಕೂಡ 2024ರ ಏಪ್ರಿಲ್‌ನಲ್ಲಿ ಹೊಸ ನಿಯಮಗಳಿಗಾಗಿ ನಿಂತು ಆಮೇಲೆ ಮುಂದುವರಿಯಿತು. ಅಲ್ಲಿರುವವರು ಎರಡರಲ್ಲಿ ಯಾವುದನ್ನೇ ಆಯ್ದರೂ ಪ್ರಾಧಿಕಾರದ ಲೈಸೆನ್ಸ್ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡುವುದು ಮೊದಲ ಕೆಲಸವಾಗಬೇಕು; ರಜೆಗೆ ಊರಿಗೆ ಬಂದಾಗ ಇಲ್ಲಿಂದ ಕೊಳ್ಳಲು ಹೋಗಬಾರದು, ಏಕೆಂದರೆ ಮೇಲೆ ಹೇಳಿದ ಭಾರತದ ಕಟ್ಟುಪಾಡುಗಳ ಒಳಗೆ ಬಂದು ನಿಂತಿರುತ್ತೀರಿ.

ಅಮೆರಿಕದಲ್ಲಿ ಒಕ್ಕೂಟ ಸರ್ಕಾರದ ಲಾಟರಿಯೇ ಇಲ್ಲ. 45 ರಾಜ್ಯಗಳು ತಮ್ಮ ತಮ್ಮ ಲಾಟರಿ ನಡೆಸುತ್ತವೆ, ಪವರ್‌ಬಾಲ್ ಮತ್ತು ಮೆಗಾ ಮಿಲಿಯನ್ಸ್ ಅವುಗಳ ಕೂಡುಬಾಳಿನ ಆಟಗಳು. ಇಲಿನಾಯ್ 2012ರಲ್ಲಿ ಡ್ರಾ ಟಿಕೆಟ್ಟುಗಳನ್ನು ಅಂತರಜಾಲದಲ್ಲಿ ಮಾರಿದ ಮೊದಲ ರಾಜ್ಯ. ಮಿಷಿಗನ್, ಪೆನ್ಸಿಲ್ವೇನಿಯಾ, ಜಾರ್ಜಿಯಾ, ವರ್ಜೀನಿಯಾಗಳಲ್ಲೂ ಈಗ ರಾಜ್ಯದ ತಾಣದಿಂದಲೇ ಕೊಳ್ಳಬಹುದು. ಕ್ಯಾಲಿಫೋರ್ನಿಯಾ ತಾನಾಗಿ ಆನ್‌ಲೈನಿನಲ್ಲಿ ಮಾರುವುದಿಲ್ಲ. ನ್ಯೂಜೆರ್ಸಿ ಮಧ್ಯವರ್ತಿಗಳಿಗೆ ಲೈಸೆನ್ಸ್ ಕೊಟ್ಟು ನಿಯಂತ್ರಿಸುತ್ತದೆ. ಅಂದರೆ ಸ್ಯಾನ್ ಹೋಸೆಯಲ್ಲಿರುವ ಅಣ್ಣನಿಗೂ ಡೆಟ್ರಾಯಿಟ್‌ನಲ್ಲಿರುವ ತಂಗಿಗೂ ಒಂದೇ ಪವರ್‌ಬಾಲಿನ ಟಿಕೆಟ್ ಸಿಗುವ ದಾರಿ ಬೇರೆ. ನನ್ನ ಸಲಹೆ ಸರಳ: ರಾಜ್ಯವೇ ಮಾರುವ ಕಡೆ ಆನ್‌ಲೈನ್, ಉಳಿದ ಕಡೆ ಅಂಗಡಿ.

ಅಮೆರಿಕದ ಜಾಹೀರಾತಿನ ಅಂಕಿಯನ್ನು ಕೈಗೆ ಬರುವ ಹಣವೆಂದು ಓದಬಾರದು. 2022ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಂದ ದಾಖಲೆಯ 204 ಕೋಟಿ ಡಾಲರ್ ಎಂಬುದು 29 ವರ್ಷಗಳಲ್ಲಿ 30 ಕಂತುಗಳಾಗಿ ಪಡೆದರೆ ಸಿಗುವ ಮೊತ್ತ. ಒಂದೇ ಸಲಕ್ಕೆ ಬೇಕೆಂದರೆ 99.76 ಕೋಟಿ ಡಾಲರ್. ಅದರಲ್ಲಿ ಶೇ 24ನ್ನು ಒಕ್ಕೂಟ ತೆರಿಗೆಯಾಗಿ ಆಗಲೇ ಮುರಿದುಕೊಳ್ಳುತ್ತಾರೆ, ತೆರಿಗೆಯ ಲೆಕ್ಕದಲ್ಲಿ ಅನಿವಾಸಿ ವಿದೇಶಿಯರಾದರೆ ಶೇ 30.

ಸಂಭವನೀಯತೆ, ಮತ್ತು ಹಂಚಿಕೆಯಾಗುವ ಬಹುಮಾನ

ಪವರ್‌ಬಾಲಿನ ಜಾಕ್‌ಪಾಟ್ ಹೊಡೆಯುವ ಸಾಧ್ಯತೆ 29,22,01,338ರಲ್ಲಿ ಒಂದು. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆ 6.11 ಕೋಟಿ, ಬೀದರ್‌ನಿಂದ ಚಾಮರಾಜನಗರದವರೆಗಿನ ಅಷ್ಟೂ ಜನರಂತೆ ಇನ್ನೂ ಮೂರು ಮುಕ್ಕಾಲು ಕರ್ನಾಟಕವನ್ನು ಸೇರಿಸಿ, ಅದರಲ್ಲಿ ಒಬ್ಬರ ಹೆಸರನ್ನು ಎತ್ತಿದಂತೆ. ಬ್ರಿಟನ್ನಿನ ನ್ಯಾಷನಲ್ ಲಾಟರಿಯ ಮುಖ್ಯ ಆಟವಾದ ಲಾಟೊದಲ್ಲಿ ಅದು 4,50,57,474ರಲ್ಲಿ ಒಂದು. 2015ರಲ್ಲಿ 49 ಚೆಂಡುಗಳನ್ನು 59 ಮಾಡುವ ಮೊದಲು ಅದು ಸಿಂಗಪುರದ ಟೋಟೊ ಇಂದಿಗೂ ಉಳಿಸಿಕೊಂಡಿರುವ 1,39,83,816ರಲ್ಲಿ ಒಂದು ಆಗಿತ್ತು. ಹತ್ತು ಚೆಂಡು ಸೇರಿಸಿದ್ದಕ್ಕೆ ಅವಕಾಶ ಮೂರನೇ ಒಂದಕ್ಕಿಂತಲೂ ಕಡಿಮೆಯಾಯಿತು ಎಂಬುದನ್ನು ಗಮನಿಸಬೇಕು. ಈ ಸಾಲಿನಲ್ಲಿ ಬೇರೆಯೇ ಆಗಿ ನಿಲ್ಲುವುದು ಸ್ಪೇನಿನ ಡಿಸೆಂಬರ್ 22ರ ಕ್ರಿಸ್‌ಮಸ್ ಲಾಟರಿ. ಅಲ್ಲಿ ಸಂಖ್ಯೆಗಳು 00000ದಿಂದ 99999ರವರೆಗೆ, ಅಂದರೆ ಒಂದು ಲಕ್ಷದಲ್ಲಿ ಒಂದು. 20 ಯೂರೋ ಬೆಲೆಯ ಹತ್ತನೇ ಒಂದು ಪಾಲಿನ ಟಿಕೆಟ್ಟಿಗೆ ಮೊದಲ ಬಹುಮಾನ 4 ಲಕ್ಷ ಯೂರೋ, ಅದರಲ್ಲಿ 40,000 ಮೀರಿದ ಭಾಗಕ್ಕೆ ಶೇ 20 ತೆರಿಗೆ. ಮಾರಾಟದ ಶೇ 70 ಬಹುಮಾನವಾಗಿ ಮರಳುತ್ತದೆ. ಬದುಕನ್ನೇ ತಲೆಕೆಳಗು ಮಾಡದಷ್ಟು ಹಣವನ್ನು ಹೆಚ್ಚು ಜನರಿಗೆ ಹಂಚುವ ಈ ಕ್ರಮ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು.

ಮುದ್ರಿತ ಸಂಖ್ಯೆಯ ಟಿಕೆಟ್ಟಿಗೂ ನೀವೇ ಸಂಖ್ಯೆ ಆರಿಸುವ ಟಿಕೆಟ್ಟಿಗೂ ಇನ್ನೊಂದು ಭೇದವಿದೆ. ಕೇರಳದಲ್ಲಿ ಮೊದಲ ಬಹುಮಾನದ ಟಿಕೆಟ್ ಒಂದೇ. ಇನ್ನೊಬ್ಬರೊಂದಿಗೆ ಹಂಚಿಕೊಳ್ಳುವ ಪ್ರಶ್ನೆ ಇಲ್ಲ. ಬ್ರಿಟನ್ನಿನಲ್ಲಿ 1995ರ ಜನವರಿ 14ರಂದು 7, 17, 23, 32, 38, 42 ಬಂದಾಗ ಅದೇ ಆರು ಸಂಖ್ಯೆಗಳನ್ನು ಬರೆದಿದ್ದವರು 133 ಮಂದಿ, 1.6 ಕೋಟಿ ಪೌಂಡಿನ ಜಾಕ್‌ಪಾಟ್ ತಲಾ 1,22,510 ಪೌಂಡಿಗೆ ಇಳಿಯಿತು. ಹುಟ್ಟಿದ ತಾರೀಖನ್ನು ಬರೆಯುವವರು ಬಹಳ ಇರುವುದರಿಂದ 31ಕ್ಕಿಂತ ಮೇಲಿನ ಸಂಖ್ಯೆಗಳನ್ನೂ ಆರಿಸಿಕೊಂಡರೆ ಗೆಲ್ಲುವ ಸಾಧ್ಯತೆ ಹೆಚ್ಚುವುದಿಲ್ಲ, ಗೆದ್ದಾಗ ಪಾಲುದಾರರು ಕಡಿಮೆಯಾಗುತ್ತಾರೆ. ಯುಎಇ ಲಾಟರಿಯವರು 31 ದಿನಗಳಿಂದ ಆರು, 12 ತಿಂಗಳುಗಳಿಂದ ಒಂದು ಎಂದು ಆಟವನ್ನೇ ಕ್ಯಾಲೆಂಡರಿನಂತೆ ಹೆಣೆದದ್ದನ್ನು ನೋಡಿದಾಗ ಈ ದೌರ್ಬಲ್ಯ ಅವರಿಗೆ ಚೆನ್ನಾಗಿ ಗೊತ್ತಿತ್ತು ಎನಿಸುತ್ತದೆ.

ಡ್ರಾ ಹೇಗೆ ನಡೆಯುತ್ತದೆ ಎಂಬುದನ್ನೂ ಕೇಳಬೇಕು. ತಿರುವನಂತಪುರದ ಗೋರ್ಕಿ ಭವನದಲ್ಲಿ ಜನರೆದುರು ಯಂತ್ರ ತಿರುಗುತ್ತದೆ, ಮ್ಯಾಡ್ರಿಡ್‌ನಲ್ಲಿ ಸ್ಯಾನ್ ಇಲ್ಡೆಫಾನ್ಸೊ ಶಾಲೆಯ ಮಕ್ಕಳು ಗೋಲದಿಂದ ಬಿದ್ದ ಮರದ ಚೆಂಡಿನ ಸಂಖ್ಯೆಯನ್ನು ಹಾಡುತ್ತಾರೆ. ಕಣ್ಣಿಗೆ ಕಾಣುವ ಇಂಥ ಡ್ರಾಗಳನ್ನು ಹಳೆಯ ಕಾಲದ್ದೆಂದು ತಳ್ಳಿಹಾಕುವವರು ಅಮೆರಿಕದ ಎಡ್ಡಿ ಟಿಪ್ಟನ್ ಪ್ರಕರಣವನ್ನು ನೆನಪಿಡಬೇಕು. ಹಲವು ರಾಜ್ಯಗಳ ಲಾಟರಿ ಒಕ್ಕೂಟದಲ್ಲಿ ಮಾಹಿತಿ ಭದ್ರತೆಯ ಹೊಣೆ ಹೊತ್ತಿದ್ದ ಈತ, ಸಂಖ್ಯೆಗಳನ್ನು ಆರಿಸುವ ಕಂಪ್ಯೂಟರಿನೊಳಗೆ ಕೆಲವು ದಿನಗಳಂದು ಫಲಿತಾಂಶ ಊಹಿಸಬಹುದಾದಂಥ ಕೋಡ್ ಸೇರಿಸಿದ್ದ. 2010ರ ಡಿಸೆಂಬರಿನ 1.65 ಕೋಟಿ ಡಾಲರಿನ ಟಿಕೆಟ್ಟಿನ ಬೆನ್ನುಹತ್ತಿದ ತನಿಖೆ ಕೊನೆಗೆ 2017ರಲ್ಲಿ ಅವನಿಗೆ 25 ವರ್ಷಗಳ ಶಿಕ್ಷೆಯಲ್ಲಿ ಮುಗಿಯಿತು. ಚೀನಾ ಸರ್ಕಾರವಂತೂ 2015ರಲ್ಲಿ ಎಂಟು ಇಲಾಖೆಗಳ ಜಂಟಿ ಪ್ರಕಟಣೆಯೊಂದಿಗೆ ಲಾಟರಿಯ ಆನ್‌ಲೈನ್ ಮಾರಾಟವನ್ನೇ ನಿಲ್ಲಿಸಿ, ಕಲ್ಯಾಣ ಲಾಟರಿ ಮತ್ತು ಕ್ರೀಡಾ ಲಾಟರಿಗಳನ್ನು ಅಂಗಡಿಗಳಿಗೆ ಸೀಮಿತಗೊಳಿಸಿತು.

ಹಣ ಪಡೆಯುವ ಗಡುವು

ಕಾಗದದ ಟಿಕೆಟ್ ಮತ್ತು ಆನ್‌ಲೈನ್ ಖಾತೆಗಳ ನಡುವಿನ ನಿಜವಾದ ವ್ಯತ್ಯಾಸ ಗೆದ್ದ ಮರುದಿನ ಗೊತ್ತಾಗುತ್ತದೆ. ಬ್ರಿಟನ್ ಮತ್ತು ಸಿಂಗಪುರಗಳಲ್ಲಿ ಬಹುಮಾನ ಕೇಳಲು 180 ದಿನಗಳಿವೆ, ಸ್ಪೇನಿನಲ್ಲಿ ಮೂರು ತಿಂಗಳು, ಪವರ್‌ಬಾಲಿಗೆ ರಾಜ್ಯವನ್ನನುಸರಿಸಿ 90 ದಿನದಿಂದ ಒಂದು ವರ್ಷದವರೆಗೆ. ಆನ್‌ಲೈನಿನಲ್ಲಿ ಕೊಂಡಿದ್ದರೆ ಸಣ್ಣ ಬಹುಮಾನಗಳು ಕೇಳದೆಯೇ ಖಾತೆಗೆ ಬಂದು ಸೇರುತ್ತವೆ. ಕೇರಳದ ಗಡುವು ಬರೀ 30 ದಿನ. 5,000 ರೂಪಾಯಿಯೊಳಗಿನ ಬಹುಮಾನವನ್ನು ಅಲ್ಲಿನ ಲಾಟರಿ ಅಂಗಡಿಯಲ್ಲೇ ಪಡೆಯಬಹುದು, ಅದಕ್ಕಿಂತ ಹೆಚ್ಚಿನದಕ್ಕೆ ಗುರುತಿನ ಚೀಟಿಯೊಂದಿಗೆ ಅಸಲಿ ಟಿಕೆಟ್ಟನ್ನು ಬ್ಯಾಂಕಿಗೋ ಲಾಟರಿ ಕಚೇರಿಗೋ ಒಪ್ಪಿಸಬೇಕು. ಮಳೆಯಲ್ಲಿ ನೆನೆದ, ಹರಿದ, ಒಗೆಯಲು ಹಾಕಿದ ಅಂಗಿಯ ಜೇಬಿನಲ್ಲಿ ಉಳಿದ ಟಿಕೆಟ್ಟಿಗೆ ಬದಲಿಯಿಲ್ಲ. ಕೊಂಡ ಕೂಡಲೇ ಹಿಂಬದಿಯಲ್ಲಿ ಹೆಸರು, ವಿಳಾಸ ಬರೆದು ಸಹಿ ಹಾಕಿ ಎತ್ತಿಡುವುದು ಕಾಸರಗೋಡಿನವರಿಗೂ, ಗಡಿ ದಾಟಿ ಹೋಗಿ ಕೊಳ್ಳುವವರಿಗೂ ಸಮಾನವಾಗಿ ಅನ್ವಯಿಸುತ್ತದೆ.